ಗ್ಯಾನಿಮೀಡ್‌ನ ಹಿಮದಲ್ಲಿ ಬಿದ್ದ ಬಿರುಕುಗಳು: ಕ್ರಮ ಗೊತ್ತಿದೆ, ಕಾಲ ಗೊತ್ತಿಲ್ಲ

ಗುರುಗ್ರಹದ ಅತಿ ದೊಡ್ಡ ಉಪಗ್ರಹವಾದ ಗ್ಯಾನಿಮೀಡ್‌ನ ಮೇಲ್ಮೈಯಲ್ಲಿ ಎರಡು ಬಗೆಯ ನೆಲವಿದೆ. ಸುಮಾರು ಮೂರನೆಯ ಒಂದು ಭಾಗ ಕಪ್ಪಗಿದ್ದು, ಕುಳಿಗಳಿಂದ ಕಿಕ್ಕಿರಿದು, ನೋಡಿದೊಡನೆ ಬಹಳ ಹಳೆಯದೆಂದು ತಿಳಿಯುವಂತಿದೆ. ಉಳಿದ ಮೂರನೆಯ ಎರಡು ಭಾಗ ಬೆಳ್ಳಗಿದ್ದು, ನೂರಾರು ಕಿಲೋಮೀಟರ್ ಉದ್ದಕ್ಕೆ ಸಮಾನಾಂತರವಾಗಿ ಸಾಗುವ ಏಣುಗಳು ಮತ್ತು ತಗ್ಗುಗಳ ಪಟ್ಟೆಗಳಿಂದ ತುಂಬಿದೆ. ಈ ಪಟ್ಟೆಗಳು ಒಂದನ್ನೊಂದು ಕತ್ತರಿಸುತ್ತ, ಕಪ್ಪು ನೆಲವನ್ನು ಸೀಳಿಕೊಂಡು ಹೋಗಿ ಅದನ್ನು ತುಂಡುತುಂಡಾಗಿ ಬೇರ್ಪಡಿಸಿವೆ. ಅಂದರೆ ಈ ಹಿಮಲೋಕದ ಹೊರಚಿಪ್ಪು ಒಂದು ಕಾಲದಲ್ಲಿ ಹಿಗ್ಗಿ, ಒಡೆದು, ಅಲ್ಲಲ್ಲಿ ಪಕ್ಕಕ್ಕೆ ಜಾರಿ, ಕೊನೆಗೆ ತಣ್ಣಗಾಗಿ ನಿಂತುಬಿಟ್ಟಿದೆ. ಇಂದು ಅಲ್ಲಿ ಹೊಸ ಬಿರುಕು ಮೂಡುತ್ತಿದೆ ಎನ್ನಲು ಯಾವ ಕುರುಹೂ ಸಿಕ್ಕಿಲ್ಲ.

ಈ ಹಳೆಯ ಕಥೆಗೆ ಈಗ ಮತ್ತೆ ಮಹತ್ವ ಬಂದಿರುವುದಕ್ಕೆ ಕಾರಣ ಯೂರೋಪಿನ ಬಾಹ್ಯಾಕಾಶ ಸಂಸ್ಥೆಯ ಜ್ಯೂಸ್ ನೌಕೆ. 2023ರ ಏಪ್ರಿಲ್ 14ರಂದು ಫ್ರೆಂಚ್ ಗಯಾನಾದ ಕೌರು ಉಡಾವಣಾ ಕೇಂದ್ರದಿಂದ ಹೊರಟ ಈ ನೌಕೆ 2031ರ ಜುಲೈನಲ್ಲಿ ಗುರುವನ್ನು ತಲುಪಬೇಕು. 2034ರ ಡಿಸೆಂಬರಿನಲ್ಲಿ ಗ್ಯಾನಿಮೀಡ್‌ನ ಸುತ್ತಲೇ ಕಕ್ಷೆಗೆ ಸೇರಬೇಕು. ನಮ್ಮ ಚಂದ್ರನನ್ನು ಬಿಟ್ಟರೆ ಬೇರೊಂದು ಗ್ರಹದ ಉಪಗ್ರಹವನ್ನು ಕಕ್ಷೆಯಲ್ಲಿದ್ದುಕೊಂಡು ಸುತ್ತುವ ಮೊದಲ ನೌಕೆ ಅದಾಗಲಿದೆ. ಈ ಯಾನದ ಬಗ್ಗೆ ಬರುವ ಬರಹಗಳೆಲ್ಲ ಹಿಮದಡಿಯ ಸಾಗರ ಮತ್ತು ಅಲ್ಲಿ ಜೀವ ಇರಬಹುದೇ ಎಂಬ ಪ್ರಶ್ನೆಯ ಸುತ್ತಲೇ ಸುಳಿಯುತ್ತವೆ. ಅದು ಸಹಜವೇ. ಆದರೆ ಗ್ಯಾನಿಮೀಡ್‌ನ ವಿಷಯದಲ್ಲಿ ಅದಕ್ಕಿಂತ ಮೊದಲು ಉತ್ತರ ಸಿಗಬೇಕಾದ, ಉಳಿದೆಲ್ಲ ವಾದಗಳೂ ಅವಲಂಬಿಸಿರುವ ಪ್ರಶ್ನೆ ಬೇರೆಯದು: ಆ ಚಿಪ್ಪು ಒಡೆದದ್ದು ಯಾವಾಗ? ಯಾವುದರ ನಂತರ ಯಾವುದು ನಡೆಯಿತು ಎಂಬ ಕ್ರಮವನ್ನು ಭೂವಿಜ್ಞಾನಿಗಳು ಸಾಕಷ್ಟು ಖಚಿತವಾಗಿ ಓದಿದ್ದಾರೆ. ಕಾಲದ ವಿಷಯಕ್ಕೆ ಬಂದರೆ ಅಂದಾಜುಗಳು 40 ಕೋಟಿ ವರ್ಷದಿಂದ 400 ಕೋಟಿ ವರ್ಷಕ್ಕೂ ಮೀರಿ ಹರಡಿಕೊಂಡಿವೆ. ಹತ್ತು ಪಟ್ಟು ಅಂತರವಿರುವ ಅಂದಾಜನ್ನು ಇಟ್ಟುಕೊಂಡು ಕಾರಣವನ್ನು ನಿರ್ಧರಿಸುವುದು ಕಷ್ಟ.

ಮೊದಲು ಈ ಉಪಗ್ರಹದ ಮೈಕಟ್ಟನ್ನು ಸ್ವಲ್ಪ ನೋಡಬೇಕು. ಗ್ಯಾನಿಮೀಡ್‌ನ ವ್ಯಾಸ ಸುಮಾರು 5,268 ಕಿಲೋಮೀಟರ್. 4,879 ಕಿಲೋಮೀಟರ್ ವ್ಯಾಸದ ಬುಧ ಗ್ರಹಕ್ಕಿಂತ ಇದು ದೊಡ್ಡದು. ಸಾಂದ್ರತೆ ಮಾತ್ರ ಘನ ಸೆಂಟಿಮೀಟರಿಗೆ 1.94 ಗ್ರಾಂ, ಅಂದರೆ ಸರಿಸುಮಾರು ಅರ್ಧ ಹಿಮ, ಅರ್ಧ ಕಲ್ಲು ಮತ್ತು ಲೋಹ. ಗುರುವಿನಿಂದ ಸುಮಾರು 10.7 ಲಕ್ಷ ಕಿಲೋಮೀಟರ್ ದೂರದಲ್ಲಿ, ಏಳು ದಿನಕ್ಕೆ ಸ್ವಲ್ಪ ಹೆಚ್ಚು ಕಾಲದಲ್ಲಿ ಒಂದು ಸುತ್ತು ಮುಗಿಸುತ್ತದೆ. ಮೇಲ್ಮೈಯ ಉಷ್ಣತೆ ಶೂನ್ಯಕ್ಕಿಂತ 160 ಡಿಗ್ರಿ ಸೆಲ್ಸಿಯಸ್‌ನಷ್ಟು ಕೆಳಗಿದೆ. ಅಂಥ ಚಳಿಯಲ್ಲಿ ಹಿಮವೆಂದರೆ ಕಲ್ಲೇ. ಅದು ಕರಗುವುದಿಲ್ಲ, ಹರಿಯುವುದಿಲ್ಲ, ಎಳೆದರೆ ಕಲ್ಲಿನ ಹಾಗೆ ಸೀಳುತ್ತದೆ. ಹಾಗಾಗಿ ಭೂಮಿಯ ಬಂಡೆಗಳಲ್ಲಿ ಸ್ತರಭಂಗಗಳನ್ನು, ಅಂದರೆ ಎರಡು ಬದಿಯ ನೆಲ ಜಾರಿ ಸರಿದ ಬಿರುಕುಗಳನ್ನು, ಓದುವ ವಿಧಾನವನ್ನೇ ಇಲ್ಲಿಯೂ ಬಳಸಲು ಸಾಧ್ಯವಾಗಿದೆ. ಆಳಕ್ಕೆ ಹೋದಂತೆ ಹಿಮ ಬೆಚ್ಚಗಾಗಿ ಮೆದುವಾಗುತ್ತದೆ, ಇನ್ನೂ ಕೆಳಗೆ ಉಪ್ಪುನೀರಿನ ಸಾಗರವಿದೆ. ಹಬಲ್ ದೂರದರ್ಶಕದಿಂದ ಗ್ಯಾನಿಮೀಡ್‌ನ ಧ್ರುವಪ್ರಭೆಯ ತೊನೆದಾಟವನ್ನು ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಈ ಸಾಗರಕ್ಕೆ ಬಲವಾದ ಸಾಕ್ಷ್ಯ ಒದಗಿಸಿತು.

ಈಗ ಕ್ರಮದ ಕಡೆಗೆ ಬರೋಣ. ಅತ್ಯಂತ ಹಳೆಯ ಪುಟ ಕಪ್ಪು ನೆಲ. ಅದರ ದೊಡ್ಡ ತುಂಡುಗಳಿಗೆ ಖಗೋಳಜ್ಞರ ಹೆಸರುಗಳಿವೆ: ಗೆಲಿಲಿಯೋ ರೀಜಿಯೋ, ಮಾರಿಯಸ್ ರೀಜಿಯೋ, ನಿಕೋಲ್ಸನ್ ರೀಜಿಯೋ, ಬರ್ನಾರ್ಡ್ ರೀಜಿಯೋ. ಇವುಗಳ ಮೇಲೆ ಕೆಲವು ಕಿಲೋಮೀಟರ್ ಅಗಲದ, ನೂರಾರು ಕಿಲೋಮೀಟರ್ ಉದ್ದದ, ಬಿಲ್ಲಿನಂತೆ ಬಾಗಿದ ತೋಡುಗಳಿವೆ. ಅಲ್ಲಿನ ಬಹುತೇಕ ಎಲ್ಲ ದೊಡ್ಡ ಕುಳಿಗಳೂ ಈ ತೋಡುಗಳ ಮೇಲೆ ಬಿದ್ದಿವೆಯೇ ಹೊರತು ತೋಡುಗಳು ಕುಳಿಗಳನ್ನು ಕತ್ತರಿಸಿಲ್ಲ. ಆದ್ದರಿಂದ ಗ್ಯಾನಿಮೀಡ್‌ನಲ್ಲಿ ಉಳಿದಿರುವ ಅತಿ ಪ್ರಾಚೀನ ಗುರುತು ಇದೇ. ನೆರೆಯ ಕ್ಯಾಲಿಸ್ಟೋ ಉಪಗ್ರಹದಲ್ಲಿ ವಲ್‌ಹಲ್ಲಾ ಎಂಬ, ಸುಮಾರು 3,800 ಕಿಲೋಮೀಟರ್ ಅಗಲದ ಬಳೆಬಳೆಯಾದ ಡಿಕ್ಕಿಯ ಗುರುತಿದೆ. ಗ್ಯಾನಿಮೀಡ್‌ನ ತೋಡುಗಳೂ ಅದೇ ಬಗೆಯ, ಚೂರಾಗಿ ಹೋದ ಬಳೆಗಳಿರಬೇಕೆಂಬ ಊಹೆ 1979ರ ವಾಯೇಜರ್ ನೌಕೆಗಳ ಕಾಲದಿಂದಲೂ ಇತ್ತು.

ಜಪಾನಿನ ಕೋಬೆ ವಿಶ್ವವಿದ್ಯಾಲಯದ ನವೊಯುಕಿ ಹಿರಾಟಾ ಮತ್ತು ಸಹೋದ್ಯೋಗಿಗಳು 2020ರಲ್ಲಿ ಈ ಊಹೆಯನ್ನು ಬಹಳ ದೂರ ಕೊಂಡೊಯ್ದರು. ವಾಯೇಜರ್ ಮತ್ತು ಗೆಲಿಲಿಯೋ ನೌಕೆಗಳ ಹಳೆಯ ಚಿತ್ರಗಳನ್ನೇ ಮರಳಿ ಅಳೆದು, ಬೇರೆ ಬೇರೆ ಕಪ್ಪು ತುಂಡುಗಳ ಮೇಲಿರುವ ತೋಡುಗಳು ಬಹುಮಟ್ಟಿಗೆ ಒಂದೇ ಕೇಂದ್ರವನ್ನು ಸುತ್ತುವರಿದಿವೆ ಎಂದು ತೋರಿಸಿದರು. ಹಾಗಿದ್ದರೆ ಒಂದೇ ಒಂದು ಭಾರಿ ಡಿಕ್ಕಿ ಇಡೀ ಉಪಗ್ರಹದ ಮೇಲೆ ಬಳೆಗಳನ್ನು ಎಬ್ಬಿಸಿತ್ತು ಎಂದಾಗುತ್ತದೆ. 2024ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಹಿರಾಟಾ ಅವರ ಮುಂದಿನ ಲೇಖನ ಇನ್ನೊಂದು ಹೆಜ್ಜೆ ಇಟ್ಟಿತು. ಆ ಬಳೆಗಳ ಕೇಂದ್ರ ಇಂದು ಗುರುವಿಗೆ ಬೆನ್ನು ಮಾಡಿರುವ ಬಿಂದುವಿಗೆ ಬಹಳ ಹತ್ತಿರದಲ್ಲಿದೆ. ಇದು ಆಕಸ್ಮಿಕವಲ್ಲ, ಡಿಕ್ಕಿಯಿಂದ ಒಂದೆಡೆ ದ್ರವ್ಯರಾಶಿ ಹೆಚ್ಚಾದ್ದರಿಂದ ಇಡೀ ಉಪಗ್ರಹವೇ ಹೊರಳಿ ಆ ಭಾಗ ಗುರುವಿನ ಎಳೆತದ ಅಕ್ಷಕ್ಕೆ ಬಂದು ನಿಂತಿತು ಎಂಬುದು ಅವರ ವಾದ. ಅದಕ್ಕೆ ಬೇಕಾದ ಆಕಾಶಕಾಯದ ವ್ಯಾಸ ಸುಮಾರು 300 ಕಿಲೋಮೀಟರ್, ಘಟನೆಯ ಕಾಲ ಸುಮಾರು 400 ಕೋಟಿ ವರ್ಷಗಳ ಹಿಂದೆ ಎಂದು ಲೇಖನ ಲೆಕ್ಕ ಹಾಕುತ್ತದೆ.

ಸುದ್ದಿಮಾಧ್ಯಮಗಳು ಡೈನೋಸಾರ್‌ಗಳನ್ನು ಅಳಿಸಿದ ಕ್ಷುದ್ರಗ್ರಹಕ್ಕಿಂತ ಇದು ಇಪ್ಪತ್ತು ಪಟ್ಟು ದೊಡ್ಡದು ಎಂಬುದನ್ನೇ ಹಿಡಿದು ಸಂಭ್ರಮಿಸಿದವು. ಆದರೆ ನನಗೆ ಹೆಚ್ಚು ಮುಖ್ಯವೆನಿಸುವುದು ಆ ಲೆಕ್ಕದ ಹಿಂದಿನ ಇನ್ನೊಂದು ಸೂಚನೆ. ಕಪ್ಪು ತುಂಡುಗಳ ನಡುವೆ ಅನಂತರ ಎಷ್ಟೇ ಬೆಳ್ಳನೆಯ ಪಟ್ಟೆಗಳು ಹಾಯ್ದುಹೋಗಿದ್ದರೂ ಬಳೆಗಳ ವಿನ್ಯಾಸ ಇನ್ನೂ ಒಂದೇ ಕೇಂದ್ರಕ್ಕೆ ಹೊಂದಿಕೊಳ್ಳುತ್ತದೆ ಎಂದರೆ, ಆ ತುಂಡುಗಳು ತಮ್ಮ ಮೂಲ ಸ್ಥಾನದಿಂದ ವಿಪರೀತ ದೂರ ಸರಿದಿಲ್ಲ, ಮನಬಂದಂತೆ ತಿರುಗಿಯೂ ಇಲ್ಲ. ಭೂಮಿಯ ಖಂಡಗಳಂತೆ ಸಾವಿರಾರು ಕಿಲೋಮೀಟರ್ ತೇಲಿಕೊಂಡು ಹೋಗುವ ಫಲಕಗಳ ವ್ಯವಸ್ಥೆಯನ್ನು ಗ್ಯಾನಿಮೀಡ್‌ಗೆ ಅಂಟಿಸುವವರು ಈ ಸಾಕ್ಷ್ಯಕ್ಕೆ ಉತ್ತರ ಹೇಳಬೇಕಾಗುತ್ತದೆ. ಅಲ್ಲಿ ನಡೆದದ್ದು ಭೂಫಲಕಗಳ ಚಲನೆಯಲ್ಲ. ಇದ್ದ ಸ್ಥಳದಲ್ಲೇ ಚಿಪ್ಪು ಹಿಗ್ಗಿ ಸೀಳಿದ ಪ್ರಕ್ರಿಯೆ.

ಆ ಸೀಳುವಿಕೆಯನ್ನು ಹತ್ತಿರದಿಂದ ನೋಡಲು ಉರುಕ್ ಸಲ್ಕಸ್ ಎಂಬ ಪಟ್ಟೆಗಿಂತ ಒಳ್ಳೆಯ ಸ್ಥಳವಿಲ್ಲ. 1979ರಲ್ಲಿ ವಾಯೇಜರ್ ನೌಕೆಗಳು ಕಳಿಸಿದ ಚಿತ್ರಗಳಲ್ಲಿ ಅದು ಹಲವು ಕಿಲೋಮೀಟರಿಗೊಂದರಂತೆ ಎದ್ದ ದುಂಡನೆಯ ಅಲೆಗಳ ಸಾಲಿನಂತೆ ಕಂಡಿತ್ತು. 1996ರ ಜೂನ್ 27ರಂದು ಗೆಲಿಲಿಯೋ ನೌಕೆ ಗ್ಯಾನಿಮೀಡ್‌ನಿಂದ ಕೇವಲ 835 ಕಿಲೋಮೀಟರ್ ಎತ್ತರದಲ್ಲಿ ಹಾದುಹೋದಾಗ ಅದೇ ಜಾಗದ, ಸುಮಾರು 75 ಮೀಟರ್ ಗಾತ್ರದ ವಿವರಗಳೂ ಕಾಣುವ ಚಿತ್ರಗಳು ಬಂದವು. ಆಗ ಪ್ರತಿಯೊಂದು ದೊಡ್ಡ ಅಲೆಯ ಬೆನ್ನ ಮೇಲೂ ಇನ್ನೂ ಸಣ್ಣ, ಚೂಪಾದ ಏಣುಗಳ ಸಾಲುಗಳಿರುವುದು ಕಂಡುಬಂತು. ಏಣುಗಳ ಒಂದು ಮಗ್ಗುಲು ಕಡಿದಾಗಿದೆ, ಇನ್ನೊಂದು ಮಗ್ಗುಲು ಇಳಿಜಾರಾಗಿದೆ. ಕಪಾಟಿನಲ್ಲಿ ಆಸರೆ ತಪ್ಪಿದ ಪುಸ್ತಕಗಳು ಸಾಲಾಗಿ ಒಂದೇ ಕಡೆಗೆ ವಾಲುವಂತೆ, ಚಿಪ್ಪನ್ನು ಎರಡೂ ಕಡೆಗೆ ಎಳೆದಾಗ ಮೇಲಿನ ಗಡಸು ಪದರ ಸಮಾನಾಂತರ ಹೋಳುಗಳಾಗಿ ಸೀಳಿ, ಹೋಳುಗಳೆಲ್ಲ ಒಟ್ಟಿಗೆ ಓರೆಯಾಗಿ ವಾಲಿಕೊಂಡಿವೆ. ದೊಡ್ಡ ಅಲೆಗಳು ಹುಟ್ಟಿದ್ದು ಕೆಳಗಿನ ಮೆದು ಹಿಮ ಎಳೆತಕ್ಕೆ ಸಿಕ್ಕು ಅಲ್ಲಲ್ಲಿ ತೆಳ್ಳಗಾದದ್ದರಿಂದ ಎಂಬುದು ಚಾಲ್ತಿಯಲ್ಲಿರುವ ವಿವರಣೆ. ಗಡಸು ಪದರ ತೆಳ್ಳಗಿದ್ದಷ್ಟೂ ಅಲೆಗಳ ನಡುವಣ ಅಂತರ ಕಡಿಮೆಯಾಗಬೇಕು. ಕೆಲವೇ ಕಿಲೋಮೀಟರಿನ ಅಂತರ ಕಾಣುತ್ತಿರುವುದರಿಂದ, ಆ ಹೊತ್ತಿಗೆ ಗಡಸು ಪದರ ಬಹಳ ತೆಳ್ಳಗಿತ್ತು, ಅಂದರೆ ಒಳಗಿನಿಂದ ಬರುತ್ತಿದ್ದ ಶಾಖ ಇಂದಿಗಿಂತ ಬಹಳ ಹೆಚ್ಚಿತ್ತು ಎಂದು ತಿಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ಅತಿ ಗಟ್ಟಿಯಾದ ತುಣುಕು ಇದೇ, ಏಕೆಂದರೆ ಅದು ಯಾವ ಕಾಲಗಣನೆಯನ್ನೂ ಅವಲಂಬಿಸದೆ ಆ ಕಾಲದ ಶಾಖದ ಬಗ್ಗೆ ಹೇಳುತ್ತದೆ.

ಎಷ್ಟು ಎಳೆತ ನಡೆದಿರಬಹುದು ಎಂಬುದಕ್ಕೂ ಒಂದು ಚೆಂದದ ಅಳತೆಗೋಲು ಸಿಕ್ಕಿದೆ. ಕುಳಿಗಳು ಹುಟ್ಟುವಾಗ ಹೆಚ್ಚುಕಡಿಮೆ ವೃತ್ತಾಕಾರವಾಗಿರುತ್ತವೆ. ಬೆಳ್ಳನೆಯ ಪಟ್ಟೆಯ ಅಂಚಿನಲ್ಲಿ ಸಿಕ್ಕಿಕೊಂಡ ಕೆಲವು ಹಳೆಯ ಕುಳಿಗಳು ಈಗ ಅಂಡಾಕಾರಕ್ಕೆ ಎಳೆದುಕೊಂಡಿವೆ, ಅವುಗಳ ಮೈಮೇಲೆ ಸ್ತರಭಂಗಗಳ ಗೆರೆಗಳು ಹಾದಿವೆ. ಅವುಗಳ ಉದ್ದಗಲವನ್ನು ಅಳೆದರೆ ನೆಲ ಎಷ್ಟು ಹಿಗ್ಗಿದೆ ಎಂಬುದು ನೇರವಾಗಿ ಸಿಗುತ್ತದೆ. ಕೆಲವು ಕಡೆ ಅದು ಶೇಕಡಾ 50ಕ್ಕೂ ಹೆಚ್ಚು. ಇಷ್ಟು ಎಳೆತಕ್ಕೆ ಒಳಗಾದ ನೆಲದಲ್ಲಿ ಹಳೆಯ ಗುರುತುಗಳು ಗುರುತು ಸಿಗದಂತೆ ಚೂರಾಗಿಹೋಗುವುದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಬೆಳ್ಳನೆಯ ನೆಲವೆಲ್ಲ ಬರಿಯ ಎಳೆತದಿಂದಲೇ ಹುಟ್ಟಿತೇ, ಅಥವಾ ಒಳಗಿನಿಂದ ನೀರು ಉಕ್ಕಿ ಹರಿದು ಹೆಪ್ಪುಗಟ್ಟಿ ಹಳೆಯ ನೆಲವನ್ನು ಮುಚ್ಚಿತೇ ಎಂಬ ವಿವಾದ ಹಳೆಯದು. ವಾಯೇಜರ್ ಚಿತ್ರಗಳನ್ನು ಮೊದಲು ನೋಡಿದವರು ಹಿಮಜ್ವಾಲಾಮುಖಿಗಳ ಪಕ್ಷ ವಹಿಸಿದ್ದರು. ಗೆಲಿಲಿಯೋ ಚಿತ್ರಗಳು ಬಂದ ಮೇಲೆ ಹರಿವಿನ ಅಂಚು, ಉಗುಳುಬಾಯಿ ಇಂಥವು ಹೆಚ್ಚಾಗಿ ಕಾಣದೆ ಆ ಪಕ್ಷ ಸೊರಗಿತು. ಆದರೂ ಪೂರ್ತಿ ಸತ್ತಿಲ್ಲ. 2001ರಲ್ಲಿ ಪಾಲ್ ಶೆಂಕ್ ಮತ್ತು ಸಹೋದ್ಯೋಗಿಗಳು ವಾಯೇಜರ್ ಮತ್ತು ಗೆಲಿಲಿಯೋ ಚಿತ್ರಗಳನ್ನು ಜೋಡಿಸಿ ಎತ್ತರ-ತಗ್ಗುಗಳನ್ನು ಅಳೆದಾಗ, ಸಿಪ್ಪಾರ್ ಸಲ್ಕಸ್ ಪ್ರದೇಶದ ನಯವಾದ ಪಟ್ಟೆಗಳು ಸುತ್ತಲಿನ ನೆಲಕ್ಕಿಂತ ನೂರಾರು ಮೀಟರ್ ತಗ್ಗಿನಲ್ಲಿದ್ದು, ತಳ ಸಮತಟ್ಟಾಗಿರುವುದು ಕಂಡಿತು. ತಗ್ಗಿಗೆ ನೀರು ತುಂಬಿ ಹೆಪ್ಪುಗಟ್ಟಿದರೆ ಹಾಗೆಯೇ ಕಾಣುತ್ತದೆ. ಅರ್ಬೇಲಾ ಸಲ್ಕಸ್‌ನಲ್ಲಿ ಮತ್ತೊಂದು ಸಾಧ್ಯತೆ: ಅಲ್ಲಿ ಎರಡು ಬದಿಯ ನೆಲ ದೂರ ಸರಿದು, ನಡುವೆ ಕೆಳಗಿನಿಂದ ಹೊಸ ಹಿಮ ಮೇಲೆದ್ದು ಬಂದಂತಿದೆ, ಯೂರೋಪಾ ಉಪಗ್ರಹದ ಪಟ್ಟೆಗಳನ್ನು ಬಲ್ಲವರಿಗೆ ಈ ಹೋಲಿಕೆ ಕೂಡಲೇ ಹೊಳೆಯುತ್ತದೆ. ಮೂರೂ ಪ್ರಕ್ರಿಯೆಗಳು ಬೇರೆ ಬೇರೆ ಪ್ರಮಾಣದಲ್ಲಿ ನಡೆದಿವೆ ಎನ್ನುವುದೇ ಸದ್ಯಕ್ಕೆ ಸಮಂಜಸ. ಪ್ರಮಾಣವನ್ನು ಹೇಳಲು ಬೇಕಾದಷ್ಟು ಚಿತ್ರಗಳು ಮಾತ್ರ ಇಲ್ಲ.

ಚಿತ್ರಗಳ ಈ ಕೊರತೆಗೆ ಒಂದು ಯಾಂತ್ರಿಕ ಕಾರಣವಿದೆ. 1991ರ ಏಪ್ರಿಲ್‌ನಲ್ಲಿ ಗೆಲಿಲಿಯೋ ನೌಕೆಯ, ಕೊಡೆಯಂತೆ ಬಿಚ್ಚಿಕೊಳ್ಳಬೇಕಿದ್ದ ಮುಖ್ಯ ಆಂಟೆನಾ ಅರ್ಧಕ್ಕೇ ಸಿಕ್ಕಿಕೊಂಡಿತು. ಗುರುವನ್ನು ತಲುಪಿದ ಮೇಲೆ ಎಲ್ಲ ಮಾಹಿತಿಯೂ ಚಿಕ್ಕ ಆಂಟೆನಾದ ಮೂಲಕ, ತೊಟ್ಟಿಕ್ಕುವ ವೇಗದಲ್ಲಿ ಬರಬೇಕಾಯಿತು. ಹಾಗಾಗಿ ಗ್ಯಾನಿಮೀಡ್‌ನ ಮೇಲ್ಮೈಯ ಬಹು ಸಣ್ಣ ಪಾಲಿಗೆ ಮಾತ್ರ ನಿಕಟ ಚಿತ್ರಗಳಿವೆ. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆ 2013ರಲ್ಲಿ ಹೊರತಂದ ಗ್ಯಾನಿಮೀಡ್‌ನ ಜಾಗತಿಕ ಭೂವೈಜ್ಞಾನಿಕ ನಕ್ಷೆ ಕೂಡ ಒರಟು ಮತ್ತು ನುಣುಪು ಚಿತ್ರಗಳನ್ನು ಹೊಂದಿಸಿಕೊಂಡು ಮಾಡಿದ ಕೆಲಸ. ಹಾಗಿದ್ದೂ ಅದರಿಂದಲೇ ಪಟ್ಟೆಗಳ ಹಿರಿತನದ ಕ್ರಮ ಸ್ಪಷ್ಟವಾಯಿತು, ಏಕೆಂದರೆ ಒಂದು ಪಟ್ಟೆ ಇನ್ನೊಂದನ್ನು ಕತ್ತರಿಸಿದ್ದರೆ ಕತ್ತರಿಸಿದ್ದೇ ಕಿರಿಯದು. ಅದನ್ನು ಓದಲು ಅತಿ ನಿಕಟ ಚಿತ್ರ ಬೇಕಾಗಿಲ್ಲ.

ಈ ಕತ್ತರಿಸುವಿಕೆಯ ಕ್ರಮದ ಮೇಲೆಯೇ ಇತ್ತೀಚಿನ ಒಂದು ಸಂಶೋಧನಾ ಧಾರೆ ನಿಂತಿದೆ. ಹವಾಯಿ ವಿಶ್ವವಿದ್ಯಾಲಯದ ಬ್ರಿಜೆಟ್ ಸ್ಮಿತ್-ಕೋಂಟರ್ ಮತ್ತು ಅವರ ಸಂಗಡಿಗರು ನಿಪ್ಪುರ್ ಸಲ್ಕಸ್, ಫಿಲಸ್ ಸಲ್ಕಸ್ ಮೊದಲಾದ ಕಡೆಗಳಲ್ಲಿ ಪಕ್ಕಕ್ಕೆ ಜಾರಿದ ಸ್ತರಭಂಗಗಳನ್ನು ಹುಡುಕಿದ್ದಾರೆ. ಒಂದು ಗೆರೆ ಹಾದಲ್ಲಿ ಅದರ ಎರಡೂ ಬದಿಯ ಲಕ್ಷಣಗಳು ಎಡಕ್ಕೋ ಬಲಕ್ಕೋ ಸರಿದಿದ್ದರೆ, ಓರೆ ಬಿರುಕುಗಳು ಏಣಿಯ ಮೆಟ್ಟಿಲಿನಂತೆ ಜೋಡಿಸಿಕೊಂಡಿದ್ದರೆ, ಅಲ್ಲಿ ಬರಿಯ ಎಳೆತವಲ್ಲ, ಉಜ್ಜಾಟವೂ ನಡೆದಿದೆ ಎಂದರ್ಥ. ಪ್ರಶ್ನೆ ಏನೆಂದರೆ, ಆ ಉಜ್ಜಾಟಕ್ಕೆ ಬಲ ಎಲ್ಲಿಂದ ಬಂತು? ಇಂದಿನ ಗ್ಯಾನಿಮೀಡ್‌ನ ಕಕ್ಷೆ ಬಹುತೇಕ ಪೂರ್ಣ ವೃತ್ತ. ಅದರ ಉತ್ಕೇಂದ್ರತೆ, ಅಂದರೆ ವೃತ್ತದಿಂದ ಎಷ್ಟು ದೂರ ಸರಿದಿದೆ ಎಂಬುದರ ಅಳತೆ, 0.001ಕ್ಕೆ ಸ್ವಲ್ಪ ಮೇಲಿದೆ, ಅಷ್ಟೇ. ಇಷ್ಟು ದುಂಡಗಿನ ಕಕ್ಷೆಯಲ್ಲಿ ಗುರುವಿನ ಎಳೆತ ಒಂದು ಸುತ್ತಿನೊಳಗೆ ಹೆಚ್ಚು ಏರಿಳಿಯುವುದಿಲ್ಲ, ಚಿಪ್ಪಿನ ಮೇಲೆ ಬೀಳುವ ಒತ್ತಡವೂ ಸ್ತರಭಂಗಗಳನ್ನು ಜಾರಿಸಲು ಸಾಲದು. ಕಕ್ಷೆ ಹಿಂದೆ ಹೆಚ್ಚು ಅಂಡಾಕಾರವಾಗಿದ್ದಿದ್ದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಅಂದರೆ ನೆಲದ ಮೇಲಿನ ಗೆರೆಗಳು ಪ್ರಾಚೀನ ಕಕ್ಷೆಯ ಆಕಾರಕ್ಕೆ ಸಾಕ್ಷಿ ಹೇಳುತ್ತಿವೆ.

ಇಲ್ಲಿಂದ ಕಾರಣಗಳ ವಿಚಾರ ಆರಂಭವಾಗುತ್ತದೆ. ಗ್ಯಾನಿಮೀಡ್‌ನಲ್ಲಿ ಎಳೆತದ ಗುರುತುಗಳು ಎಲ್ಲೆಡೆ ಇವೆ, ಒತ್ತಿ ಮಡಿಸಿದ ಗುರುತುಗಳು ಮಾತ್ರ ಹುಡುಕಿದರೂ ಸಿಗುವುದು ಅಪರೂಪ. ಒಂದು ಕಡೆ ಹಿಗ್ಗಿದ ನೆಲ ಇನ್ನೊಂದು ಕಡೆ ಕುಗ್ಗದಿದ್ದರೆ ಉಪಗ್ರಹವೇ ಒಟ್ಟಾರೆ ಉಬ್ಬಿರಬೇಕು. ಅದಕ್ಕೆ ಎರಡು ದಾರಿಗಳಿವೆ. ಕಲ್ಲು ಮತ್ತು ಹಿಮ ಬೆರೆತಿದ್ದ ಆದಿಮ ಗೋಳದ ಆಳದಲ್ಲಿ ಹಿಮವು ಅಪಾರ ಒತ್ತಡಕ್ಕೆ ಸಿಕ್ಕಿ ಹೆಚ್ಚು ಸಾಂದ್ರವಾದ ರೂಪಗಳಲ್ಲಿರುತ್ತದೆ. ಭಾರವಾದ ಕಲ್ಲು ಕೆಳಗಿಳಿದು, ಹಿಮ ಮೇಲೇರಿ ಒತ್ತಡ ಕಡಿಮೆಯಾದಾಗ ಅದು ಸಾಮಾನ್ಯ ಹಿಮದ ರೂಪಕ್ಕೆ ಮರಳಿ ಹೆಚ್ಚು ಜಾಗ ಬೇಡುತ್ತದೆ, ಗೋಳ ಉಬ್ಬುತ್ತದೆ. ಎರಡನೆಯದು ಸಾಗರ ಹೆಪ್ಪುಗಟ್ಟುವುದು. ನೀರು ಮೇಲಿನ ಪದರದಲ್ಲಿ ಹಿಮವಾಗುವಾಗ ಗಾತ್ರ ಹೆಚ್ಚುತ್ತದೆ, ಚಿಪ್ಪು ಹಿಗ್ಗುತ್ತದೆ. ಆದರೆ ಗ್ಯಾನಿಮೀಡ್‌ನಷ್ಟು ದೊಡ್ಡ ಕಾಯದಲ್ಲಿ ಸಾಗರದ ತಳದಲ್ಲೂ ಹಿಮ ಕಟ್ಟುತ್ತದೆ, ಅಲ್ಲಿನ ಸಾಂದ್ರ ಹಿಮ ನೀರಿಗಿಂತ ಕಡಿಮೆ ಜಾಗ ತೆಗೆದುಕೊಳ್ಳುತ್ತದೆ. ಹೀಗಾಗಿ ಒಂದರ ಪರಿಣಾಮವನ್ನು ಇನ್ನೊಂದು ಒಂದಿಷ್ಟು ಅಳಿಸುತ್ತದೆ.

ಮೊದಲ ದಾರಿ ಗ್ಯಾನಿಮೀಡ್‌ನಲ್ಲಿ ಪೂರ್ತಿ ನಡೆದಿದೆ ಎಂಬುದರಲ್ಲಿ ಸಂಶಯವಿಲ್ಲ. ಒಂದು ಗೋಳದ ದ್ರವ್ಯರಾಶಿ ಕೇಂದ್ರದ ಕಡೆಗೆ ಎಷ್ಟು ಒಟ್ಟುಗೂಡಿದೆ ಎಂಬುದನ್ನು ತಿಳಿಸುವ ಒಂದು ಸಂಖ್ಯೆಯಿದೆ. ಎಲ್ಲೆಡೆ ಒಂದೇ ಸಾಂದ್ರತೆಯಿದ್ದರೆ ಅದು 0.4. ಗ್ಯಾನಿಮೀಡ್‌ಗೆ ಅದು ಸುಮಾರು 0.31. ಸೌರವ್ಯೂಹದ ಘನ ಕಾಯಗಳಲ್ಲಿ ಇದು ತೀರಾ ಕಡಿಮೆಯ ಬೆಲೆ: ನಡುವೆ ಕಬ್ಬಿಣದ ಗರ್ಭ, ಸುತ್ತ ಕಲ್ಲು, ಅದರ ಮೇಲೆ ಹಿಮ ಮತ್ತು ನೀರು ಎಂದು ಅಚ್ಚುಕಟ್ಟಾಗಿ ಬೇರ್ಪಟ್ಟಿದೆ. ಕ್ಯಾಲಿಸ್ಟೋಗೆ ಅದೇ ಸಂಖ್ಯೆ ಸುಮಾರು 0.355, ಅಲ್ಲಿ ಕಲ್ಲು ಮತ್ತು ಹಿಮ ಇನ್ನೂ ಪೂರ್ತಿ ಬೇರ್ಪಟ್ಟಂತಿಲ್ಲ. ಗಾತ್ರದಲ್ಲಿ, ಸಾಂದ್ರತೆಯಲ್ಲಿ, ಹುಟ್ಟಿದ ಪರಿಸರದಲ್ಲಿ ಇಷ್ಟು ಹತ್ತಿರದ ಎರಡು ಉಪಗ್ರಹಗಳಲ್ಲಿ ಒಂದು ಒಳಗೆ ಪದರಪದರವಾಗಿ, ಹೊರಗೆ ಸೀಳಿಸೀಳಿ ಹೋಗಿರುವಾಗ, ಇನ್ನೊಂದು ಕುಳಿಗಳನ್ನಷ್ಟೇ ಹೊತ್ತು ಇದ್ದಂತೆಯೇ ಉಳಿದದ್ದು ಏಕೆ? ಗುರುವಿನ ಉಪಗ್ರಹಗಳ ಅಧ್ಯಯನದಲ್ಲಿ ನಲವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಕಾಡುತ್ತಿರುವ ಸಮಸ್ಯೆ ಇದು.

ಇದಕ್ಕೆ ಬಂದಿರುವ ಉತ್ತರಗಳು ಬೇರೆ ಬೇರೆ ಕಾಲಕ್ಕೆ ಸೇರಿದವು. ಏಮಿ ಬಾರ್ ಮತ್ತು ರಾಬಿನ್ ಕ್ಯಾನಪ್ 2010ರಲ್ಲಿ ಮಂಡಿಸಿದ ವಾದದ ಪ್ರಕಾರ, ಸೌರವ್ಯೂಹದ ಬಾಲ್ಯದಲ್ಲಿ ಧೂಮಕೇತುಗಳ ಮಳೆಯೇ ಬಿದ್ದಾಗ, ಗುರುವಿಗೆ ಹೆಚ್ಚು ಹತ್ತಿರವಿದ್ದ ಗ್ಯಾನಿಮೀಡ್ ಹೆಚ್ಚು ಸಂಖ್ಯೆಯಲ್ಲಿ, ಹೆಚ್ಚು ವೇಗದಲ್ಲಿ ಏಟು ತಿಂದು ಕರಗಿ ಬೇರ್ಪಟ್ಟಿತು. ದೂರದ ಕ್ಯಾಲಿಸ್ಟೋ ಆ ಮಿತಿಯನ್ನು ದಾಟಲಿಲ್ಲ. ಇದು ಸುಮಾರು 400 ಕೋಟಿ ವರ್ಷಗಳ ಹಿಂದಿನ ಮಾತು. ಇನ್ನೊಂದು ಉತ್ತರ ಕಕ್ಷೆಗಳದ್ದು. ಗುರುವಿನ ಇನ್ನೊಂದು ಉಪಗ್ರಹವಾದ ಐಯೋ ನಾಲ್ಕು ಸುತ್ತು ಮುಗಿಸುವಷ್ಟರಲ್ಲಿ ಯೂರೋಪಾ ಎರಡು, ಗ್ಯಾನಿಮೀಡ್ ಒಂದು ಸುತ್ತು ಮುಗಿಸುತ್ತದೆ. ಈ ತಾಳದ ಹೊಂದಾಣಿಕೆಯನ್ನು ಲಾಪ್ಲಾಸ್ ಅನುರಣನ ಎನ್ನುತ್ತಾರೆ. ಕ್ಯಾಲಿಸ್ಟೋ ಅದರ ಹೊರಗಿದೆ. ಆಡಮ್ ಶೋಮನ್ ಮತ್ತು ರೇಣು ಮಲ್ಹೋತ್ರಾ 1997ರಲ್ಲಿ ತೋರಿಸಿದ್ದೇನೆಂದರೆ, ಮೂರೂ ಉಪಗ್ರಹಗಳು ಇಂದಿನ ತಾಳಕ್ಕೆ ಬಂದು ನಿಲ್ಲುವ ಮುನ್ನ ಅದನ್ನೇ ಹೋಲುವ ಬೇರೆ ತಾಳಗಳನ್ನು ಹಾದು ಬಂದಿದ್ದರೆ, ಆ ಅವಧಿಯಲ್ಲಿ ಗ್ಯಾನಿಮೀಡ್‌ನ ಕಕ್ಷೆ ಇಂದಿಗಿಂತ ಹಲವು ಪಟ್ಟು ಅಂಡಾಕಾರವಾಗಿರುತ್ತಿತ್ತು. ಆಗ ಪ್ರತಿ ಸುತ್ತಿನಲ್ಲೂ ಗುರುವಿನ ಎಳೆತ ಏರಿಳಿದು ಉಪಗ್ರಹದ ಮೈಯನ್ನು ಹಿಂಡಿ ಬಿಡುತ್ತದೆ. ಒಳಗೆ ತಿಕ್ಕಾಟದ ಶಾಖ ಹುಟ್ಟುತ್ತದೆ. ಚಿಪ್ಪು ತೆಳ್ಳಗಾಗುತ್ತದೆ, ಸ್ತರಭಂಗಗಳು ಜಾರುತ್ತವೆ. ಉರುಕ್ ಸಲ್ಕಸ್‌ನ ಅಲೆಗಳು ಸೂಚಿಸುವ ಹೆಚ್ಚಿನ ಶಾಖಕ್ಕೂ, ಹವಾಯಿ ತಂಡ ಕೇಳುವ ಹೆಚ್ಚಿನ ಉತ್ಕೇಂದ್ರತೆಗೂ ಇದು ಒಟ್ಟಿಗೆ ಉತ್ತರ ಕೊಡುತ್ತದೆ. ನನ್ನ ಒಲವು ಇದರ ಕಡೆಗೇ. ಆದರೆ ಈ ತಾಳಕ್ಕೆ ಸೇರಿಕೊಂಡದ್ದು ತಡವಾಗಿಯೇ ಎಂಬುದಕ್ಕೆ ಸ್ವತಂತ್ರ ಪುರಾವೆಯಿಲ್ಲ: ಸ್ಟಾಂಟನ್ ಪೀಲ್ ಮತ್ತು ಮಾನ್ ಹೋಯಿ ಲೀ 2002ರಲ್ಲಿ, ಉಪಗ್ರಹಗಳು ಹುಟ್ಟುವಾಗಲೇ, ಗುರುವಿನ ಸುತ್ತಲಿನ ಅನಿಲ ತಟ್ಟೆಯೊಳಗೆ ಒಳಸರಿಯುತ್ತಿರುವಾಗಲೇ ಈ ಅನುರಣನ ಏರ್ಪಟ್ಟಿರಲು ಸಾಧ್ಯ ಎಂದು ತೋರಿಸಿದ್ದಾರೆ.

ಬೆಳ್ಳನೆಯ ನೆಲದ ವಯಸ್ಸು ಗೊತ್ತಾದರೆ ಈ ಜಗಳ ಅರ್ಧ ತೀರುತ್ತದೆ. ಅದು 380 ಕೋಟಿ ವರ್ಷ ಹಳೆಯದಾದರೆ ಡಿಕ್ಕಿಗಳ ವಾದಕ್ಕೂ ಆದಿಮ ಅನುರಣನಕ್ಕೂ ಬಲ ಬರುತ್ತದೆ. 150ರಿಂದ 200 ಕೋಟಿ ವರ್ಷವಾದರೆ ತಡವಾದ ಅನುರಣನವನ್ನು ಬಿಟ್ಟು ಬೇರೆ ದಾರಿ ಕಾಣುವುದಿಲ್ಲ. ವಯಸ್ಸನ್ನು ಅಳೆಯಲು ಇರುವ ಏಕೈಕ ಸಾಧನ ಕುಳಿಗಳ ಎಣಿಕೆ. ಚಂದ್ರನಲ್ಲಿ ಈ ಗಡಿಯಾರಕ್ಕೆ ಚಾವಿ ಕೊಟ್ಟದ್ದು ಅಪೋಲೋ ಯಾತ್ರಿಗಳು ತಂದ ಕಲ್ಲುಗಳು: ಒಂದು ನೆಲದ ನಿಜವಾದ ವಯಸ್ಸನ್ನು ಪ್ರಯೋಗಾಲಯದಲ್ಲಿ ಅಳೆದು, ಅದೇ ನೆಲದ ಕುಳಿಗಳ ಸಂಖ್ಯೆಯ ಜೊತೆ ಜೋಡಿಸಲಾಯಿತು. ಗುರುವಿನ ಬಳಿಯಿಂದ ಯಾರೂ ಕಲ್ಲನ್ನಾಗಲಿ ಹಿಮವನ್ನಾಗಲಿ ತಂದಿಲ್ಲ. ಜರ್ಮನಿಯ ಗೆರ್ಹಾರ್ಡ್ ನ್ಯೂಕುಮ್ ಮತ್ತು ಸಂಗಡಿಗರು ಚಂದ್ರನ ಲಯವೇ ಅಲ್ಲಿಗೂ ಅನ್ವಯಿಸುತ್ತದೆ ಎಂದು ಹಿಡಿದು ಬೆಳ್ಳನೆಯ ನೆಲಕ್ಕೆ 350 ಕೋಟಿ ವರ್ಷಕ್ಕೂ ಮೀರಿದ ವಯಸ್ಸು ಕೊಟ್ಟರು. ಕೆವಿನ್ ಜಾನ್ಲೆ ಮತ್ತು ಸಹೋದ್ಯೋಗಿಗಳು ಅಲ್ಲಿ ಬೀಳುವವು ಮುಖ್ಯವಾಗಿ ಧೂಮಕೇತುಗಳು, ಕ್ಷುದ್ರಗ್ರಹಗಳಲ್ಲ ಎಂಬ ಆಧಾರದ ಮೇಲೆ 2003ರಲ್ಲಿ ಮಾಡಿದ ಲೆಕ್ಕದಲ್ಲಿ ನಡುವಿನ ಅಂದಾಜು ಸುಮಾರು 200 ಕೋಟಿ ವರ್ಷ ಬಂತು. ಲೇಖನದ ಆರಂಭದಲ್ಲಿ ಹೇಳಿದ ಹತ್ತು ಪಟ್ಟಿನ ಅಂತರ ಆ ಲೆಕ್ಕದ ದೋಷಮಿತಿಯೇ. ಧೂಮಕೇತುಗಳ ಪಕ್ಷಕ್ಕೆ ಗ್ಯಾನಿಮೀಡ್‌ನ ಮೇಲೆಯೇ ಒಂದು ಸಾಕ್ಷ್ಯವಿದೆ. ಎಂಕಿ ಕಟೀನಾ ಎಂಬಲ್ಲಿ ಹದಿಮೂರು ಕುಳಿಗಳು ಸುಮಾರು 160 ಕಿಲೋಮೀಟರ್ ಉದ್ದದ ನೇರ ಸಾಲಿನಲ್ಲಿ, ಒಂದಕ್ಕೊಂದು ತಾಗಿಕೊಂಡು ಬಿದ್ದಿವೆ. 1994ರ ಜುಲೈನಲ್ಲಿ ಗುರುವಿಗೆ ಅಪ್ಪಳಿಸಿದ ಶೂಮೇಕರ್-ಲೆವಿ 9ರಂತೆಯೇ ಗುರುವಿನ ಎಳೆತಕ್ಕೆ ಸಿಕ್ಕಿ ತುಂಡಾದ ಧೂಮಕೇತುವೊಂದರ ಕೆಲಸ ಅದು.

ಇನ್ನೊಂದು ತೊಡಕೂ ಇದೆ. ಗ್ಯಾನಿಮೀಡ್ ಸದಾ ಒಂದೇ ಮುಖವನ್ನು ಗುರುವಿಗೆ ತೋರಿಸುತ್ತ ಸುತ್ತುವುದರಿಂದ, ಅದರ ಒಂದು ಗೋಳಾರ್ಧ ಯಾವಾಗಲೂ ಮುಂದಿರುತ್ತದೆ. ಮುಂದಿನ ಮಗ್ಗುಲಿಗೆ ಹಿಂದಿನದಕ್ಕಿಂತ ಬಹಳ ಹೆಚ್ಚು ಕುಳಿಗಳು ಬೀಳಬೇಕು. ಬೆಳ್ಳನೆಯ ನೆಲದಲ್ಲಿ ಎಣಿಸಿದರೆ ವ್ಯತ್ಯಾಸವೇನೋ ಇದೆ, ಆದರೆ ಲೆಕ್ಕ ಕೇಳುವಷ್ಟು ಇಲ್ಲ. ಹೊರಚಿಪ್ಪು ಒಳಗಿನ ಸಾಗರದ ಮೇಲೆ ಜಾರಿ ನಿಧಾನವಾಗಿ ಸುತ್ತಿಕೊಂಡಿದ್ದರೆ, ಅಥವಾ ಇಡೀ ಗೋಳ ಹೊರಳಿದ್ದರೆ ಹೀಗಾಗುತ್ತದೆ. ಹಾಗೆ ಚಿಪ್ಪು ಜಾರಿದ್ದು ನಿಜವಾದರೆ, ಬಳೆಗಳ ಕೇಂದ್ರ ಇಂದು ಗುರುವಿನ ಅಕ್ಷದ ಮೇಲಿರುವುದನ್ನೇ ಆಧಾರವಾಗಿಟ್ಟುಕೊಂಡ ಹಿರಾಟಾ ಅವರ 2024ರ ವಾದಕ್ಕೆ ಪೆಟ್ಟು ಬೀಳುತ್ತದೆ. 400 ಕೋಟಿ ವರ್ಷ ಆ ಕೇಂದ್ರ ಅಲ್ಲೇ ನಿಂತಿತ್ತು ಎನ್ನುವುದೂ, ಚಿಪ್ಪು ನಡುವೆ ಸುತ್ತಾಡಿತ್ತು ಎನ್ನುವುದೂ ಒಟ್ಟಿಗೆ ನಿಲ್ಲುವುದು ಕಷ್ಟ. ಈ ಎರಡು ಸಾಲಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡುವ ಕೆಲಸ ಇನ್ನೂ ಸಾಕಷ್ಟು ಆಗಿಲ್ಲ ಎನಿಸುತ್ತದೆ.

ಗ್ಯಾನಿಮೀಡ್‌ಗೆ ತನ್ನದೇ ಕಾಂತಕ್ಷೇತ್ರ ಇರುವುದೂ ಈ ಕಾಲದ ಪ್ರಶ್ನೆಗೆ ತಳಕು ಹಾಕಿಕೊಂಡಿದೆ. 1996ರಲ್ಲಿ ಗೆಲಿಲಿಯೋ ಕಂಡುಹಿಡಿದ ಈ ಕ್ಷೇತ್ರ ಬೇರಾವ ಉಪಗ್ರಹಕ್ಕೂ ಇಲ್ಲ. ಅದಕ್ಕೆ ಕಬ್ಬಿಣದ ಗರ್ಭ ಇಂದಿಗೂ ಕುದಿಯುತ್ತಿರಬೇಕು. ಹುಟ್ಟಿದಾಗಲೇ ಕಾಯ್ದು ಬೇರ್ಪಟ್ಟಿದ್ದ ಇಷ್ಟು ಚಿಕ್ಕ ಗರ್ಭ 450 ಕೋಟಿ ವರ್ಷಗಳ ನಂತರವೂ ಬಿಸಿಯಾಗಿರುವುದು ಸುಲಭವಲ್ಲ, ತಡವಾಗಿ ಸಿಕ್ಕ ಶಾಖ ಇದ್ದರೆ ವಿವರಣೆ ಹಗುರವಾಗುತ್ತದೆ. ಆದರೂ ಇದನ್ನು ನಿರ್ಣಾಯಕವೆನ್ನಲಾಗದು. ಗರ್ಭದಲ್ಲಿ ಗಂಧಕ ಎಷ್ಟಿದೆ ಎಂಬುದರ ಮೇಲೆ ಲೆಕ್ಕ ಎತ್ತ ಬೇಕಾದರೂ ವಾಲುತ್ತದೆ.

ಜ್ಯೂಸ್ ಇವುಗಳಲ್ಲಿ ಯಾವುದನ್ನು ಬಿಡಿಸೀತು? ಗುರುವಿನ ಹಿಮದ ಉಪಗ್ರಹಗಳ ಪಕ್ಕದಲ್ಲಿ ಒಟ್ಟು 35 ಬಾರಿ ಹಾದು, ಕೊನೆಗೆ ಗ್ಯಾನಿಮೀಡ್‌ನಿಂದ 500 ಕಿಲೋಮೀಟರ್ ಎತ್ತರದ ಕಕ್ಷೆಗೆ ಇಳಿಯುವುದು ಯೋಜನೆ. ಜಾನಸ್ ಕ್ಯಾಮೆರಾ ಇಡೀ ಗೋಳವನ್ನು ಒಂದೇ ಸಮನಾದ ವಿವರದಲ್ಲಿ ಚಿತ್ರಿಸಿದರೆ, ಪಟ್ಟೆಗಳ ಹಿರಿತನದ ಕ್ರಮದಲ್ಲಿ ಇನ್ನೂ ಖಾಲಿಯಿರುವ ಜಾಗಗಳು ತುಂಬುತ್ತವೆ, ಮುಂದಿನ ಮತ್ತು ಹಿಂದಿನ ಗೋಳಾರ್ಧಗಳ ಕುಳಿಗಳ ಅನುಪಾತ ಖಚಿತವಾಗುತ್ತದೆ. ಗಾಲಾ ಎಂಬ ಲೇಸರ್ ಉಪಕರಣ ಎತ್ತರಗಳನ್ನು ಅಳೆಯುವುದಷ್ಟೇ ಅಲ್ಲ, ಪ್ರತಿ ಸುತ್ತಿನಲ್ಲಿ ಚಿಪ್ಪು ಎಷ್ಟು ಮೀಟರ್ ಉಬ್ಬಿ ಇಳಿಯುತ್ತದೆ ಎಂಬುದನ್ನೂ ಹಿಡಿಯಬಲ್ಲದು. ಅದರಿಂದ ಚಿಪ್ಪಿನ ದಪ್ಪ ಗೊತ್ತಾಗುತ್ತದೆ. ರೈಮ್ ಎಂಬ ರಾಡಾರ್ ಹಿಮದೊಳಗೆ 9 ಕಿಲೋಮೀಟರ್‌ವರೆಗೆ ನೋಡುವಂತೆ ರಚನೆಯಾಗಿದೆ. ಸ್ತರಭಂಗಗಳು ಮೇಲ್ಮೈಯಿಂದ ಕೆಳಕ್ಕೆ ಯಾವ ಕೋನದಲ್ಲಿ ಇಳಿಯುತ್ತವೆ, ಸಿಪ್ಪಾರ್‌ನಂಥ ನಯವಾದ ಪಟ್ಟೆಗಳ ಅಡಿಯಲ್ಲಿ ಹಳೆಯ ನೆಲ ಹೂತುಹೋಗಿದೆಯೇ ಎಂಬುದನ್ನು ಅದು ನೇರವಾಗಿ ತೋರಿಸಬಹುದು. ನೀರು ಹರಿದಿತ್ತೇ, ಬರಿಯ ಎಳೆತವೇ ಎಂಬ ವಿವಾದಕ್ಕೆ ಇದಕ್ಕಿಂತ ನೇರವಾದ ಪರೀಕ್ಷೆ ಇಲ್ಲ. ಉಡಾವಣೆಯ ನಂತರ ಈ ರಾಡಾರಿನ 16 ಮೀಟರ್ ಉದ್ದದ ಆಂಟೆನಾವೂ ಒಂದು ಚಿಕ್ಕ ಪಿನ್ನು ಸಿಕ್ಕಿಕೊಂಡು ಬಿಚ್ಚಿಕೊಳ್ಳದೆ ಹೋದಾಗ ಗೆಲಿಲಿಯೋ ನೆನಪಾಗದವರಿರಲಿಲ್ಲ. 2023ರ ಮೇ 12ರಂದು ಪಕ್ಕದ ಭಾಗಕ್ಕೆ ಒಂದು ಪೆಟ್ಟು ಕೊಟ್ಟು ಅಲುಗಿಸಿದ ಮೇಲೆ ಅದು ಬಿಚ್ಚಿಕೊಂಡಿತು.

ಆದರೆ ವಯಸ್ಸು ಕೋಟಿ ವರ್ಷಗಳ ಲೆಕ್ಕದಲ್ಲಿ ಜ್ಯೂಸ್‌ನಿಂದಲೇ ಸಿಗುವುದಿಲ್ಲ. ಎಷ್ಟೇ ಚೆನ್ನಾಗಿ ಕುಳಿಗಳನ್ನು ಎಣಿಸಿದರೂ, ಕೋಟಿ ವರ್ಷಕ್ಕೆ ಎಷ್ಟು ಬೀಳುತ್ತವೆ ಎಂಬುದು ಬೇರೆ ಕಡೆಯಿಂದ ಬರಬೇಕು. ಅದು ನೆಪ್ಚೂನ್‌ನ ಆಚೆಯ ಕೈಪರ್ ಪಟ್ಟಿಯಿಂದ ಒಳಗೆ ತೂರಿಬರುವ ಸಣ್ಣ ಕಾಯಗಳ ಸಂಖ್ಯೆಗೆ ಸಂಬಂಧಿಸಿದ್ದು. 2015ರಲ್ಲಿ ಪ್ಲೂಟೋ ಬಳಿ ಹಾದ ನ್ಯೂ ಹೊರೈಜನ್ಸ್ ನೌಕೆಯ ಚಿತ್ರಗಳಲ್ಲಿ ಪ್ಲೂಟೋ ಮತ್ತು ಅದರ ಉಪಗ್ರಹ ಶಾರನ್‌ಗಳ ಮೇಲೆ ಸಣ್ಣ ಕುಳಿಗಳು ನಿರೀಕ್ಷೆಗಿಂತ ಕಡಿಮೆ ಕಂಡದ್ದು ಈ ಲೆಕ್ಕವನ್ನು ಈಗಾಗಲೇ ಒಮ್ಮೆ ಅಲುಗಿಸಿದೆ: ಸಣ್ಣ ಕಾಯಗಳು ಕಡಿಮೆಯಿದ್ದರೆ ಅಷ್ಟೇ ಸಂಖ್ಯೆಯ ಸಣ್ಣ ಕುಳಿಗಳು ಬೀಳಲು ಹೆಚ್ಚು ಕಾಲ ಬೇಕು, ಹಾಗಾದರೆ ಅಂಥ ಕುಳಿಗಳಿಂದ ಅಂದಾಜಿಸಿದ ನೆಲದ ವಯಸ್ಸು ಇನ್ನೂ ಹೆಚ್ಚಾಗುತ್ತದೆ. ಚಿಲಿಯ ಸೆರೋ ಪಚೋನ್ ಬೆಟ್ಟದ ಮೇಲೆ 2025ರ ಜೂನ್‌ನಲ್ಲಿ ಮೊದಲ ಚಿತ್ರಗಳನ್ನು ಬಿಡುಗಡೆ ಮಾಡಿದ ವೆರಾ ರೂಬಿನ್ ವೀಕ್ಷಣಾಲಯದ ಕೆಲಸಗಳಲ್ಲಿ ಒಂದು, ಆ ದೂರದ ಕಾಯಗಳನ್ನೂ ಗುರು ಮತ್ತು ನೆಪ್ಚೂನ್‌ಗಳ ನಡುವೆ ಅಲೆಯುತ್ತಿರುವವನ್ನೂ ಹಿಂದೆಂದಿಗಿಂತ ಹೆಚ್ಚು ಸಂಖ್ಯೆಯಲ್ಲಿ ಪತ್ತೆಹಚ್ಚುವುದು. ಜ್ಯೂಸ್ ಗ್ಯಾನಿಮೀಡ್‌ನ ಕಕ್ಷೆಗೆ ಸೇರುವ ಹೊತ್ತಿಗೆ ಆ ಎಣಿಕೆ ಬಹುಮಟ್ಟಿಗೆ ಕೈಯಲ್ಲಿರಬೇಕು. ಉರುಕ್ ಸಲ್ಕಸ್ ಸೀಳಿದ್ದು ಧೂಮಕೇತುಗಳ ಮಳೆಯ ಕಾಲದಲ್ಲೋ, ಅದಕ್ಕಿಂತ 200 ಕೋಟಿ ವರ್ಷಗಳ ನಂತರವೋ ಎಂಬುದನ್ನು ಹೇಳಲು ಕುಳಿಗಳ ಹೊಸ ಎಣಿಕೆಯೊಂದಿಗೆ ಈ ಎಣಿಕೆಯೂ ಬೇಕು.